ನೆಲ ಮುಟ್ಟುವವರೆಗೆ

ನಮ್ಮ ಮನೆಯವರ ಎಡಗಾಲನ್ನು ಮಾಡಿದವಳು ನಾನೇ. ಮೊಣಕಾಲು ದಾಟಿ ನಾಲ್ಕು ಬೆರಳಿನಷ್ಟು ಕೆಳಗಿನವರೆಗೆ ಅವರ ತಾಯಿ ಕೊಟ್ಟದ್ದು, ಅಲ್ಲಿಂದ ಮುಂದಕ್ಕೆ ನಾನು ಕೊಟ್ಟದ್ದು. ಈ ಮಾತನ್ನು ಒಮ್ಮೆ ಫೋನಿನಲ್ಲಿ ಅತ್ತೆಗೇ ಹೇಳಿ ಚೆನ್ನಾಗಿ ಬೈಸಿಕೊಂಡಿದ್ದೇನೆ. ಬೈದರೂ ನಿಜ ನಿಜವೇ.

ಊರು ಬಿಟ್ಟು ಈ ದೇಶಕ್ಕೆ ಬಂದ ಮೇಲೆ ಅವರಿಗೆ ಬಂದರಿನಲ್ಲಿ ಕ್ರೇನ್ ನಡೆಸುವ ಕೆಲಸ ಸಿಕ್ಕಿತು, ನನಗೆ ಕೃತಕ ಕಾಲು ಮಾಡುವ ಕಾರ್ಯಾಗಾರದಲ್ಲಿ. ಅವರು ಮೋಡದ ಪಕ್ಕ ಕೂತು ದುಡಿಯುತ್ತಾರೆ, ನಾನು ಪ್ಲಾಸ್ಟರಿನ ಧೂಳಿನಲ್ಲಿ ಎಂದು ನಗುತ್ತಿದ್ದೆವು. ನಮ್ಮ ಕಾರ್ಯಾಗಾರದ ಗೋಡೆಯ ತುಂಬ ಕೊಕ್ಕೆಗಳು, ಕೊಕ್ಕೆಗೊಂದು ರಬ್ಬರಿನ ಪಾದ. ಒಂದು ಮೂಲೆಯಲ್ಲಿ ಪ್ಲಾಸ್ಟಿಕ್ ಹಾಳೆಯನ್ನು ಮೆತ್ತಗಾಗಿಸುವ ಒಲೆ. ಇನ್ನೊಂದು ಕಡೆ ಹೊಸ ಕಾಲಿನವರು ಹಿಡಿದುಕೊಂಡು ನಡೆಯಲು ಎರಡು ಉದ್ದನೆಯ ಕಂಬಿ, ಎದುರಿಗೆ ಆಳೆತ್ತರದ ಕನ್ನಡಿ. ಆ ಕಂಬಿಗಳ ನಡುವೆ ಒಂದು ದಿನ ನನ್ನ ಗಂಡನೇ ನಿಲ್ಲಬೇಕಾಗುತ್ತದೆಂದು ಯಾರು ತಾನೇ ಎಣಿಸಿದ್ದರು.

ಕ್ರೇನಿನಿಂದ ಬಿದ್ದದ್ದಲ್ಲ. ಅದನ್ನು ಅವರು ಸಿಕ್ಕಿದವರಿಗೆಲ್ಲ ಒತ್ತಿ ಹೇಳುತ್ತಾರೆ. ಕೆಲಸ ಮುಗಿಸಿ, ಏಣಿ ಇಳಿದು, ಅಂಗಳ ದಾಟಿ ಊಟದ ಕೋಣೆಗೆ ಹೋಗುತ್ತಿದ್ದಾಗ ಸಾಮಾನು ಹೊರುವ ಗಾಡಿಯೊಂದು ಹಿಂದಕ್ಕೆ ಬಂದು ಕಾಲಿನ ಮೇಲೆ ಹರಿಯಿತು. ಮೇಲಿದ್ದಷ್ಟು ದಿನ ನನಗೇನೂ ಆಗಲಿಲ್ಲ, ನೆಲದ ಮೇಲೆ ಆದದ್ದು ಎನ್ನುವುದು ಅವರ ವಾದ. ವಾದಕ್ಕೇನು, ಅವರ ಬಳಿ ಮೂಟೆಗಟ್ಟಲೆ ಇದೆ.

ಸ್ವಂತದವರಿಗೆ ನೀನೇ ಕಾಲು ಮಾಡಬೇಡ ಎಂದು ನಮ್ಮ ಮೇಲ್ವಿಚಾರಕಿ ಹೇಳಿದ್ದಳು. ಹಿತ್ತಲ ಗಿಡ ಮದ್ದಲ್ಲ ಅನ್ನುವ ಮಾತು ಇವರಲ್ಲೂ ಇದೆಯೇನೋ ಎಂದುಕೊಂಡು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಅಚ್ಚು ತೆಗೆದದ್ದು ನಾನು, ಉಳಿದ ಕಾಲು ಕೂರುವ ಬಟ್ಟಲನ್ನು, ಅಂದರೆ ಸಾಕೆಟ್ಟನ್ನು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಂತೆ ಉಜ್ಜಿದ್ದು ನಾನು. ಅವರು ಕಂಬಿ ಬಿಟ್ಟು ಕನ್ನಡಿಯ ತನಕ ನಡೆದು ಬಂದಾಗ ನನಗೆ ಅಳು ಬಂದಿತು. ಅಳುತ್ತಲೇ, ಹಿಮ್ಮಡಿ ಒಂಚೂರು ಒಳಕ್ಕೆ ತಿರುಗಿದೆ ನಿಲ್ಲಿ ಎಂದು ಗದರಿದೆ.

ಬಂದರಿನವರು ಅವರನ್ನು ಕೈಬಿಡಲಿಲ್ಲ. ಗೇಟಿನ ಪಕ್ಕ ಕಿಟಕಿಯಿಲ್ಲದ ಕೋಣೆಯಲ್ಲಿ ಕೂರಿಸಿ ಲಾರಿಗಳಿಗೆ ಪಾಸು ಹರಿದುಕೊಡುವ ಕೆಲಸ ಕೊಟ್ಟರು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಅವರಿಗೆ ಆಗಲಿಲ್ಲ. ಸಂಜೆ ಬಂದು ಅಡುಗೆಮನೆಯ ಕಿಟಕಿಯ ಹತ್ತಿರ ನಿಂತು ದೂರದ ಕ್ರೇನುಗಳನ್ನೇ ನೋಡುವರು. ಅನ್ನ ಕಲಸಿಟ್ಟು ಮರೆತುಬಿಡುವರು. ಮತ್ತೆ ಕ್ಯಾಬಿನ್ ಹತ್ತಬಹುದೇ ಎಂದು ಬಂದರಿನ ವೈದ್ಯರನ್ನು ಕೇಳಿಕೊಂಡು ಬಂದರು. ಏಣಿ ಹತ್ತಿ ಇಳಿದು ತೋರಿಸಿದರೆ ನನ್ನ ಅಡ್ಡಿಯಿಲ್ಲ, ಆದರೆ ಮನೆಯವರೂ ಒಪ್ಪಲಿ ಎಂದರಂತೆ ವೈದ್ಯರು. ನಾನು ಒಪ್ಪಲಿಲ್ಲ. ಒಂದು ಸಲ ಆಸ್ಪತ್ರೆಯ ಬಾಗಿಲಲ್ಲಿ ನಿಂತು ಕಾದವಳು ನಾನು. ಮತ್ತೊಮ್ಮೆ ನಿಲ್ಲುವ ಶಕ್ತಿ ನನ್ನಲ್ಲಿ ಇರಲಿಲ್ಲ.

ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಮನುಷ್ಯ. ಎರಡು ಕಾಲಿದ್ದಾಗಲೂ ಹಾಗೇ, ಒಂದು ಹೋದ ಮೇಲೂ ಹಾಗೇ. ಒಂದು ಭಾನುವಾರ ಕಿಟಕಿಯಿಂದ ಕೈ ತೋರಿಸಿದರು. ಕ್ರೇನುಗಳ ಹಿಂದೆ ಬೆಟ್ಟ.

“ಅದನ್ನ ಹತ್ತಿ, ನನ್ನ ಕಾಲ ಮೇಲೇ ಇಳಿದು ಬಂದ್ರೆ ನೀನು ಕ್ರೇನ್ ವಿಷಯಕ್ಕೆ ಬಾಯಿ ತೆಗೀಬಾರ್ದು. ಆಗ್ಲಿಲ್ಲ ಅಂದ್ರೆ ಸಾಯೋವರೆಗೂ ಪಾಸು ಹರ್ಕೊಂಡು ಕೂತಿರ್ತೀನಿ.”

ಯಾರಾದರೂ ಹೊತ್ತು ತಂದರೆ, ಸಹಾಯಕ್ಕೆ ಮಂದಿಯನ್ನು ಕರೆಸಿದರೆ ಸೋತ ಹಾಗೆ ಎಂದು ಅವರೇ ಸೇರಿಸಿದರು. ನಾನು ಸರಿ ಎಂದೆ. ದೂರದ ಬೆಟ್ಟ ನುಣ್ಣಗೆ ಎನ್ನುತ್ತಾರೆ. ಇದು ದೂರದಿಂದಲೂ ನುಣ್ಣಗಿರಲಿಲ್ಲ. ಅರ್ಧಕ್ಕೇ ಸಾಕೆನ್ನುತ್ತಾರೆಂದು ಲೆಕ್ಕ ಹಾಕಿಯೇ ಒಪ್ಪಿದ್ದು.

ಆ ಬೆಟ್ಟದ ದಾರಿ ಶುರುವಾಗುವುದೇ ಒಂದು ಬಂಡೆಯಿಂದ. ವಾಹನ ನಿಲ್ಲಿಸುವ ಜಾಗದಿಂದ ಕೂಗಳತೆಯಲ್ಲಿ ಗೋಡೆಯಂತೆ ನಿಂತ ಬಂಡೆ. ಎರಡು ತೆಂಗಿನ ಮರ ಒಂದರ ಮೇಲೊಂದು ನಿಲ್ಲಿಸಿದಷ್ಟು ಎತ್ತರ. ಅದಕ್ಕೆ ಕಬ್ಬಿಣದ ಬಳೆಗಳನ್ನು ಮೆಟ್ಟಿಲಿನಂತೆ ಬಡಿದಿದ್ದಾರೆ, ಪಕ್ಕದಲ್ಲಿ ಹಿಡಿಯಲು ಸರಪಳಿ. ಅದನ್ನು ಹತ್ತಿದರೆ ಆಮೇಲೆ ಕಲ್ಲಿನ ಏಣು, ಅಂದರೆ ಬೆಟ್ಟದ ಕಿರಿದಾದ ಬೆನ್ನು, ಅದರ ತುದಿಯಲ್ಲಿ ಶಿಖರ. ಹಿಂದಿನಿಂದ ಸುತ್ತಿ ಇಳಿಯುವ ದಾರಿಯೊಂದು ಇತ್ತಂತೆ, ಮಣ್ಣು ಕುಸಿದು ಮುಚ್ಚಿದ್ದಾರೆಂದು ಫಲಕ ಹಾಕಿದ್ದರು. ಸಹಾಯ ಬೇಕಾದರೆ ಕರೆಯುವ ಸಂಖ್ಯೆ ಅದೇ ಫಲಕದಲ್ಲಿತ್ತು. ಅದನ್ನು ನಾನು ಫೋನಿಗೆ ಹಾಕಿಕೊಂಡದ್ದನ್ನು ಅವರು ನೋಡಿದರು.

ಬಂಡೆಯನ್ನು ಅವರು ಹತ್ತಿದ ಚಂದ ನೋಡಬೇಕಿತ್ತು. ಕಬ್ಬಿಣ ಕೈಗೆ ಸಿಕ್ಕಿದ್ದೇ ತಡ, ಮೈಯೆಲ್ಲ ಹಳೆಯ ಕೆಲಸವನ್ನು ನೆನೆಸಿಕೊಂಡಿತು. ನಮ್ಮಲ್ಲಿ ಕಲಿಸುವ ಪಾಠದಂತೆ ಹತ್ತುವಾಗ ಒಳ್ಳೆಯ ಕಾಲು ಮೊದಲು. ಬಲಗಾಲು ಮೇಲಿಡುವುದು, ಅದರ ಮೇಲೆ ಮೈಯೆಲ್ಲ ಎತ್ತಿಕೊಳ್ಳುವುದು, ಎಡಗಾಲನ್ನು ಪಕ್ಕಕ್ಕೆ ತಂದುಕೊಳ್ಳುವುದು. ನಾನು ಕೆಳಗಿನಿಂದ ಆ ಎಡಗಾಲನ್ನೇ ನೋಡುತ್ತ ಹತ್ತಿದೆ. ಪಾದ ಬಳೆಯ ಮೇಲೆ ಸರಿಯಾಗಿ ಕೂರುತ್ತಿದೆಯೇ, ಸಾಕೆಟ್ಟಿನ ಅಂಚು ಚರ್ಮಕ್ಕೆ ಒತ್ತುತ್ತಿದೆಯೇ. ಮೇಲೆ ಮುಟ್ಟುತ್ತಲೇ ಕೂರಿಸಿ, ಕಾಲು ಬಿಚ್ಚಿಸಿ, ರಬ್ಬರಿನ ಒಳಚೀಲ ತೆಗೆದು ಬೆವರು ಒರೆಸಿ, ಕೆಂಪಾಗಿದೆಯೇ ಎಂದು ಬೆರಳಿನಿಂದ ಒತ್ತಿ ನೋಡಿ, ಮತ್ತೆ ತೊಡಿಸಿದೆ. ಬೆವರು ಹೆಚ್ಚಾದರೆ ಒಳಚೀಲ ಜಾರುತ್ತದೆ, ಕಾಲು ಸಡಿಲವಾಗುತ್ತದೆ. ಏಣಿನ ಮೇಲೆ ಕುಳಿತ ಕಡೆಯಲ್ಲೆಲ್ಲ ಇದೇ ಪೂಜೆ. ಇಷ್ಟೊಂದು ಕಾಲೆಳೀಬೇಡ ಕಣೇ ಎಂದು ಅವರು ನಕ್ಕರು.

ಶಿಖರ ಮುಟ್ಟಿದೆವು. ಅದರ ಬಗ್ಗೆ ಬರೆಯಲು ಹೆಚ್ಚೇನಿಲ್ಲ. ಗಾಳಿ, ಕಲ್ಲುಗುಪ್ಪೆ, ಕೆಳಗೆ ಆಟಿಕೆಗಳಂತೆ ಬಂದರಿನ ಕ್ರೇನುಗಳು. ಅವರು ತಮ್ಮ ಕ್ರೇನ್ ಯಾವುದೆಂದು ತೋರಿಸಿದರು. ನನಗೆ ಎಲ್ಲವೂ ಒಂದೇ ಥರ ಕಂಡವು. ಅವರ ಮುಖ ಮಾತ್ರ ಮದುವೆಯ ಹೊಸದರಲ್ಲಿ ಇದ್ದ ಹಾಗಿತ್ತು, ಅದನ್ನು ನನಗೆ ಸಹಿಸಲಾಗಲಿಲ್ಲ. ಹತ್ತಿಯೇಬಿಟ್ಟರಲ್ಲ, ಇನ್ನು ಇಳಿಯುವುದೊಂದೇ ಬಾಕಿ ಎಂದುಕೊಂಡೆ.

ಇಳಿಯುವಾಗ ಅವರ ನಡಿಗೆ ಬದಲಾಯಿತು. ಹೆಜ್ಜೆ ಗಿಡ್ಡವಾಯಿತು, ಚೀಲದಲ್ಲಿ ತಂದಿದ್ದ ಮಡಚುವ ಕೋಲಿನ ಮೇಲೆ ಭಾರ ಬಿತ್ತು. ನಾನು ತಡೆದು ನಿಲ್ಲಿಸಿ ಎಡಗಾಲು ಬಿಚ್ಚಿಸಿದೆ. ಸಂಜೆಯಾಗುತ್ತ ಕತ್ತರಿಸಿ ಉಳಿದ ಕಾಲು ಸೊರಗುತ್ತದೆ, ಒಂದು ಕಾಲುಚೀಲ ಹೆಚ್ಚಿಗೆ ತೊಡಿಸಬೇಕು, ತೊಡಿಸಿದೆ. ಮತ್ತೂ ಕುಂಟಿದರು. ಇನ್ನೊಂದು ತೊಡಿಸಿದೆ. ಬಿಗಿಯಾಯಿತೇನೋ ಎಂದು ತೆಗೆದೆ. ಪಾದದ ತಿರುಪು ಒಂದು ಎಳೆ ಸಡಿಲಿಸಿದೆ, ಮತ್ತೆ ಬಿಗಿ ಮಾಡಿದೆ. ಅವರು ಮಾತಿಲ್ಲದೆ ಕಾಲು ಚಾಚಿ ಕೂರುತ್ತಿದ್ದರು, ನಾನು ಗೊಣಗುತ್ತ ರಿಪೇರಿ ಮಾಡುತ್ತಿದ್ದೆ. ಇಷ್ಟರಲ್ಲಿ ಕೆಳಗಿನ ಕಣಿವೆಯಿಂದ ಮೋಡ ಹತ್ತಿ ಬರತೊಡಗಿತು.

ಬಂಡೆಯ ತಲೆಗೆ ಬಂದು ಕುಳಿತೆವು. ಇದೊಂದು ಇಳಿದರೆ ಮುಗಿಯಿತು. ನೀರು ಕುಡಿದು ನಾನು ಎದ್ದೆ. ಅವರು ಏಳಲಿಲ್ಲ. ಕೈಯೂರಿ ಅರ್ಧ ಎದ್ದವರು ಹಲ್ಲು ಕಚ್ಚಿ ಮತ್ತೆ ಕುಳಿತರು. ಎಡಗಾಲಿಗೆ ಕೈ ಹಾಕಲು ಬಗ್ಗಿದೆ.

“ಅದಲ್ಲ,” ಎಂದರು. “ಇನ್ನೊಂದು.”

ಬಲಗಾಲಿನ ಪ್ಯಾಂಟು ಮೇಲೇರಿಸಿದೆ. ಮೊಣಕಾಲು ಎಂದು ಹೇಳುವ ಆಕಾರವೇ ಉಳಿದಿರಲಿಲ್ಲ. ಊದಿ ಚರ್ಮ ಮಿರಮಿರ ಮಿನುಗುತ್ತಿತ್ತು. ಮುಟ್ಟಿದರೆ ಕಾವಲಿಯ ಬಿಸಿ. ಹಳೆಯ ಬ್ಯಾಂಡೇಜಿನ ಗುರುತು ಬೇರೆ, ಎಂದರೆ ಇದು ಇವತ್ತಿನದಲ್ಲ.

“ಯಾವಾಗಿಂದ?”

“ತಿಂಗಳಾಯ್ತೇನೋ. ಎಲ್ಲ ಭಾರ ಅದರ ಮೇಲೇ ಬೀಳತ್ತಲ್ಲ.”

“ಯಾಕೆ ಹೇಳ್ಲಿಲ್ಲ?”

“ನೀನು ದಿನಾ ಕೇಳ್ತಿದ್ದಿದ್ದು ಎಡಗಾಲಿನ ವಿಷಯ.”

ಅದರಲ್ಲಿ ಕೊಂಕಿರಲಿಲ್ಲ, ಇದ್ದರೆ ಚೆನ್ನಾಗಿತ್ತು, ತಿರುಗಿ ಬೈಯಬಹುದಿತ್ತು. ತಿಂಗಳುಗಟ್ಟಲೆ ಬೆಳಿಗ್ಗೆ ಸಂಜೆ ಅವರ ಕಾಲ ಬುಡದಲ್ಲೇ ಕುಳಿತಿದ್ದೆ, ಒಂದು ಗೇಣು ಪಕ್ಕಕ್ಕೆ ಕಣ್ಣು ಹಾಯಿಸಿರಲಿಲ್ಲ. ನಾನು ಮಾಡಿದ ಕಾಲಿನ ಮೇಲೆ ನನಗೆ ಅಷ್ಟು ಮೋಹ, ದೇವರು ಮಾಡಿದ್ದು ಹೇಗಿದ್ದರೂ ನಡೆಯುತ್ತದೆ ಎಂಬ ಉದಾಸೀನ. ನಾಚಿಕೆಯಿಂದ ಕಿವಿ ಕಾದವು.

ಆದರೆ ಅದೇ ಕ್ಷಣದಲ್ಲಿ ಇನ್ನೊಂದು ಆಯಿತು, ಅದನ್ನೂ ಹೇಳಿಬಿಡುತ್ತೇನೆ. ನನಗೆ ಖುಷಿಯಾಯಿತು. ಇವರು ಇಳಿಯಲಾರರು, ಪಂದ್ಯ ನನ್ನದು, ಕ್ರೇನಿನ ಮಾತು ಇಲ್ಲಿಗೆ ಮುಗಿಯಿತು. ಗಂಡ ನೋವಿನಿಂದ ಬೆವರುತ್ತಿದ್ದಾನೆ, ಹೆಂಡತಿ ಮನಸ್ಸಿನಲ್ಲಿ ತೆಂಗಿನಕಾಯಿ ಒಡೆಯುತ್ತಿದ್ದಾಳೆ.

ಫೋನ್ ತೆಗೆದೆ. ಸಿಗ್ನಲ್ ಇತ್ತು. ಅವರು ಫೋನನ್ನು ನೋಡಿದರು, ಆಮೇಲೆ ನನ್ನನ್ನು.

“ಕರೀಬೇಕು ಅನ್ಸಿದ್ರೆ ಕರಿ. ನಾನು ಬೈಯಲ್ಲ. ಮುಂದೆ ಯಾವತ್ತೂ ಎತ್ತಿ ಆಡಲ್ಲ.”

ಅವರು ಹಾಗೆ ಹೇಳಿದರೆ ಹಾಗೆಯೇ ಇರುತ್ತಾರೆ, ಅದು ನನಗೆ ಗೊತ್ತು. ಅನ್ನ ಕಲಸಿಟ್ಟು ಕಿಟಕಿ ನೋಡುತ್ತಾರೆ, ಒಂದು ಮಾತೂ ಆಡುವುದಿಲ್ಲ. ಬೆರಳು ಆ ಸಂಖ್ಯೆಯ ಮೇಲಿತ್ತು. ಮೋಡ ಏಣಿನ ಕೆಳಗಿನ ಮರಗಳನ್ನು ಆಗಲೇ ನುಂಗಿತ್ತು. ಅದು ಬಂಡೆಗೆ ಬಂದರೆ ಕಬ್ಬಿಣ ಒದ್ದೆಯಾಗುತ್ತದೆ, ಆಮೇಲೆ ಇಳಿಯುವ ಮಾತೇ ಇಲ್ಲ. ಕರೆದರೂ ಆ ಮೋಡದಲ್ಲಿ ಯಾರು ಎಷ್ಟು ಹೊತ್ತಿಗೆ ಬಂದಾರು? ಇವರ ಅಂಗಿ ಬೆವರಿಗೆ ತೊಯ್ದು ಬೆನ್ನಿಗೆ ಅಂಟಿತ್ತು, ಗಾಳಿ ಚೂರಿಯಂತೆ ಬೀಸುತ್ತಿತ್ತು. ಇದೆಲ್ಲ ಲೆಕ್ಕ ಹಾಕಿದೆ ಎಂದು ಹೇಳಿದರೆ ನಾನು ಬುದ್ಧಿವಂತೆ ಅನ್ನಿಸುತ್ತದೆ. ನಿಜವಾಗಿ ನನ್ನ ಬೆರಳನ್ನು ತಡೆದದ್ದು ಆ ಖುಷಿ. ಅದರ ಮೇಲೆ ನನಗೆ ನಂಬಿಕೆ ಬರಲಿಲ್ಲ. ಈಗ ಕರೆದರೆ ಅವರ ಜೀವ ಉಳಿಸಲು ಕರೆದೆನೋ, ಗೆಲ್ಲಲು ಕರೆದೆನೋ, ನನಗೇ ಎಂದಿಗೂ ಗೊತ್ತಾಗುವುದಿಲ್ಲ.

“ಬಲಗಾಲು ಊರಕ್ಕೇ ಆಗಲ್ವಾ?”

“ಮಡಚಿ ನೇತಾಡಿಸ್ಬೋದು. ಊರಕ್ಕಾಗಲ್ಲ.”

“ಹಾಗಾದ್ರೆ ಎಡಗಾಲಲ್ಲೇ ಇಳೀಬೇಕು. ಬರೀ ಎಡಗಾಲಲ್ಲಿ.”

ಅವರು ತಲೆಯಾಡಿಸಿದರು. ಕೈಗಳಲ್ಲಿ ಬಲವಿದೆ, ಮೈಯನ್ನು ಒಂದು ಗಳಿಗೆ ಕೈಯಲ್ಲಿ ಹಿಡಿದು ಎಡಗಾಲನ್ನು ಕೆಳಗಿನ ಬಳೆಗೆ ಇಳಿಸಬೇಕು, ಅದರ ಮೇಲೆ ಪೂರ್ತಿ ಭಾರ ಬಿಡಬೇಕು, ಕೈ ಕೆಳಕ್ಕೆ ತರಬೇಕು. ತೊಡಕು ಒಂದೇ. ಆ ಪಾದಕ್ಕೆ ಸ್ಪರ್ಶವಿಲ್ಲ. ಏನೋ ತಗುಲಿತು ಎಂದು ಮೇಲಿನ ಕಾಲಿಗೆ ತಿಳಿದೀತು; ಬಳೆಯೋ, ಬಂಡೆಯ ಉಬ್ಬೋ, ತಿಳಿಯದು. ಬೆರಳಿನ ತುದಿಯಲ್ಲಿ ನಿಂತರೆ ರಬ್ಬರು ಬಾಗಿ ಜಾರುತ್ತದೆ. ಪಾದದ ನಡು ಬಳೆಯ ಮೇಲೆ ಬರಬೇಕು. ಬಂಡೆಗೆ ಎದೆ ಒತ್ತಿ ನೇತಾಡುವವರಿಗೆ ಬಗ್ಗಿ ನೋಡುವ ಹಾಗಿಲ್ಲ. ನಾನು ಒಂದು ಮೆಟ್ಟಿಲು ಕೆಳಗಿದ್ದು ಪಾದ ಹಿಡಿದು ಕೂರಿಸಬೇಕು, ಕೂತಿದೆ ಎಂದು ಹೇಳಬೇಕು. ನಾನು ತಪ್ಪಿ ಹೇಳಿದರೆ ಇಬ್ಬರೂ ಹೋದೆವು.

ಸರಪಳಿಗೆ ಕೈ ಹಾಕುವ ಮೊದಲು ಅವರು ಒಂದು ವಿಷಯ ಹೇಳಿದರು.

“ಕ್ಯಾಬಿನ್ನಲ್ಲಿ ಕೂತೋನಿಗೆ ಕೆಳಗಿನ ಸಾಮಾನು ಕಾಣಲ್ಲ. ಕೆಳಗೆ ನಿಂತೋನು ಒಬ್ಬ ಹೇಳ್ತಾನೆ, ಮೇಲೆ ನಾನು ಕೈ ಆಡಿಸ್ತೀನಿ. ಅವನೊಬ್ಬನ ಮಾತು ಮಾತ್ರ. ‘ಇಳಿಸು’ ಅಂದ್ರೆ ಇಳಿಸೋದು. ‘ನಿಲ್ಲು’ ಅಂದ್ರೆ ನಿಲ್ಲೋದು. ‘ಕೂತಿತು’ ಅಂದ್ರೆ ಭಾರ ಬಿಡೋದು. ಕಡೇಲಿ ‘ನೆಲ’ ಅನ್ನೋವರೆಗೂ ಕೊಕ್ಕೆ ಬಿಡೋ ಹಾಗಿಲ್ಲ. ಮಧ್ಯ ‘ಹುಷಾರು’, ‘ಅಯ್ಯೋ’, ‘ನಾನು ಆವಾಗ್ಲೇ ಹೇಳಿದ್ದೆ’, ಇವೆಲ್ಲ ಇರಲ್ಲ. ನಿನ್ನ ಕೈಲಾಗತ್ತಾ?”

ನನ್ನ ಬಾಯಿಯ ಬಗ್ಗೆ ಅವರಿಗೆ ಇದ್ದ ಅಭಿಪ್ರಾಯ ಆ ಕಡೆಯ ಪ್ರಶ್ನೆಯಲ್ಲಿತ್ತು. ಆಗುತ್ತೆ ಎಂದೆ. ನಾನು ನಿಲ್ಲು ಎಂದು ಎರಡು ಸಲ ಹೇಳಬೇಕಾಗಿ ಬಂದರೆ ಅಲ್ಲೇ ಸರಪಳಿಗೆ ಆತು ನಿಂತು ಫೋನ್ ಮಾಡುವುದು ಎಂದು ನನ್ನ ಷರತ್ತನ್ನೂ ಹೇಳಿದೆ. ಒಪ್ಪಿದರು.

ನಾನು ಮೊದಲು ಇಳಿದೆ. ಒಂದು ಕೈ ಸರಪಳಿಗೆ ಸುತ್ತಿ, ಇನ್ನೊಂದರಿಂದ ಅವರ ಬೂಟು ಹಿಡಿದೆ.

“ಇಳಿಸಿ.”

ಬೂಟು ಕೆಳಕ್ಕೆ ಬಂತು. ಬಳೆಯ ಮೇಲೆ ಎಳೆದು ಕೂರಿಸಿದೆ. “ಕೂತಿತು.” ಭಾರ ಬಿತ್ತು. ನಾನು ಮಾಡಿದ ಸಾಕೆಟ್ಟು ಕಿರುಗುಟ್ಟಿದ್ದು ಕಿವಿಯ ಪಕ್ಕದಲ್ಲೇ ಕೇಳಿಸಿತು. ಇಡೀ ಮನುಷ್ಯ, ಅವರ ಎಲುಬು ಮಾಂಸ ಹಠ ಎಲ್ಲ, ನಾನು ಒಲೆಯಲ್ಲಿ ಬೇಯಿಸಿದ ಒಂದು ಪ್ಲಾಸ್ಟಿಕ್ ಬಟ್ಟಲಿನೊಳಗೆ ನಿಂತಿತ್ತು. ಕಾರ್ಯಾಗಾರದಲ್ಲಿ ಭಾರ ಹೇರಿ ಪರೀಕ್ಷೆ ಮಾಡಿದ್ದೆವು, ಮುರಿಯಲಾರದೆಂದು ಗೊತ್ತಿತ್ತು. ಗೊತ್ತಿದ್ದದ್ದೆಲ್ಲ ಆ ಎತ್ತರದಲ್ಲಿ ಕೈಕೊಟ್ಟಿತು.

ಇಳಿಸಿ. ಕೂತಿತು. ಇಳಿಸಿ. ಕೂತಿತು. ನನಗೆ ಬೇರೆ ಮಾತೇ ಮರೆತುಹೋಯಿತು. ಅವರ ಉಸಿರು ಮೇಲೆ ಗರಗಸದಂತೆ ಆಡುತ್ತಿತ್ತು.

ಸುಮಾರು ಮೂರರಲ್ಲಿ ಒಂದು ಭಾಗ ಇಳಿದಿರಬೇಕು, ಮೇಲಿನಿಂದ ಯಾರೋ ಮಾತಾಡುವುದು ಕೇಳಿಸಿತು. ಶಿಖರದಿಂದ ಇಳಿದು ಬಂದ ಇಬ್ಬರು ಬಂಡೆಯ ತಲೆಯಲ್ಲಿ ನಿಂತಿದ್ದರು. ಒಳ್ಳೆಯವರೇ ಇರಬೇಕು, ಸಹಾಯ ಮಾಡುವ ಹುಮ್ಮಸ್ಸು. ಎಡಕ್ಕೆ, ಇನ್ನೂ ಎಡಕ್ಕೆ, ಈಗ ಕಾಲಿಡಿ ಎಂದು ಇಲ್ಲಿನ ಭಾಷೆಯಲ್ಲಿ ಒಬ್ಬ ಕೂಗತೊಡಗಿದ. ಇನ್ನೊಬ್ಬಳು, ಇಲ್ಲ ಬಲಕ್ಕೆ ಎಂದಳು. ಇವರು ಅಲ್ಲಾಡದೆ ನಿಂತುಬಿಟ್ಟರು. ನಾನು ಇಳಿಸಿ ಎಂದೆ, ಇಳಿಸಲಿಲ್ಲ. ಎರಡು ಬಾಯಿಯಿಂದ ಮಾತು ಬಂದರೆ ಕೈ ನಿಲ್ಲಿಸಬೇಕೆನ್ನುವುದು ಅವರ ಕೆಲಸದ ನಿಯಮವೆಂದು ಆಮೇಲೆ ಹೇಳಿದರು. ಆಗ ನನಗೆ ಕಂಡದ್ದು ನಡುಗುವ ತೋಳುಗಳು ಮಾತ್ರ. ನಾನು ತಲೆಯೆತ್ತಿ, ಆ ಇಬ್ಬರಿಗೂ ಬಾಯಿ ಮುಚ್ಚಿ ಎಂದು ಅವರ ಭಾಷೆಯಲ್ಲಿ ನನಗೆ ಬರುವ ಅತ್ಯಂತ ಕೆಟ್ಟ ಮಾತಿನಲ್ಲಿ ಕೂಗಿದೆ. ಕಾರ್ಯಾಗಾರದಲ್ಲಿ ಒಲೆ ಕೆಟ್ಟಾಗ ಮೇಲ್ವಿಚಾರಕಿ ಆಡುತ್ತಿದ್ದ ಮಾತು ಅದು. ಮೇಲೆ ಸದ್ದಡಗಿತು.

“ಇಳಿಸಿ,” ಎಂದೆ. ಇಳಿಸಿದರು.

ಆಮೇಲೆ ಮೋಡ ಬಂತು. ಮೊದಲು ಮುಖಕ್ಕೆ ತಣ್ಣಗೆ, ನಂತರ ಕಬ್ಬಿಣದ ಮೇಲೆ ಸಣ್ಣ ಹನಿಗಳು. ಅವರ ಸೊಂಟದಿಂದ ಮೇಲಿನದೆಲ್ಲ ಬಿಳಿಯಲ್ಲಿ ಕರಗಿ, ನನ್ನ ಪಾಲಿಗೆ ಉಳಿದದ್ದು ಎರಡು ಕಾಲು. ಇಳಿಸಿ ಎಂದೆ. ಬೂಟು ಕೆಳಗೆ ಬಂತು, ಬರಬೇಕಾದ್ದಕ್ಕಿಂತ ಹೆಚ್ಚು ಕೆಳಗೆ ಬಂತು. ಕೈಯಿಟ್ಟು ನೋಡಿದರೆ ಸಾಕೆಟ್ಟಿನ ಅಂಚಿಗೂ ಮೊಣಕಾಲಿಗೂ ನಡುವೆ ಎರಡು ಬೆರಳು ತೂರುವ ಸಂದಿ. ಬೆವರಿಗೆ ಒಳಚೀಲ ಜಾರಿತ್ತು. ಇನ್ನೊಮ್ಮೆ ಕಾಲು ನೇತಾಡಿದರೆ ಕಳಚಿ ಬೀಳುತ್ತದೆ.

“ನಿಲ್ಲಿ.”

ಮೇಲೆ ಉಸಿರು ತಡೆದದ್ದು ಕೇಳಿಸಿತು. ಅಯ್ಯೋ ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು, ನುಂಗಿದೆ. ಬಳೆಯ ಮೇಲೆ ಇಟ್ಟು ಒತ್ತಿಸೋಣವೆಂದರೆ ಒದ್ದೆ ಕಬ್ಬಿಣ, ವಾಲಿದ ಪಾದ, ಜಾರಿದರೆ ಮುಗಿಯಿತು. ನಾನು ಮೇಲಕ್ಕೆ ಒತ್ತರಿಸಿಕೊಂಡು ಬಂದು ಬೂಟಿನ ಕೆಳಗೆ ನನ್ನ ಹೆಗಲು ಕೊಟ್ಟೆ. ಎರಡೂ ಕೈ ಸರಪಳಿಗೆ. ಕೆನ್ನೆ ಬಂಡೆಗೆ.

“ಕೂತಿತು,” ಎಂದೆ.

ಅದು ಬಳೆಯಲ್ಲವೆಂದು ಅವರಿಗೆ ತಿಳಿಯಲಿಲ್ಲ. ತಿಳಿದಿದ್ದರೆ ಭಾರ ಬಿಡುತ್ತಿರಲಿಲ್ಲ. ನಂಬಿ ಬಿಟ್ಟರು. ನನ್ನ ಕೊರಳೆಲುಬು ಮುರಿದೇಹೋಯಿತು ಅನ್ನಿಸಿತು. ಸಾಕೆಟ್ಟಿನೊಳಗಿನ ಗಾಳಿ ಪುಸ್ಸೆಂದು ಹೊರಬಂತು. ಕಾರ್ಯಾಗಾರದಲ್ಲಿ ದಿನಕ್ಕೆ ಎಷ್ಟೋ ಸಲ ಕೇಳಿ ನಗಾಡುತ್ತಿದ್ದ ಸದ್ದು, ಕಾಲು ಸರಿಯಾಗಿ ಕೂತಿತೆನ್ನುವ ಸದ್ದು. ಕಣ್ಣಿನಲ್ಲಿ ನೀರು ಬಂತು. ಬಟ್ಟೆಯ ತುದಿಯಿಂದ ಬಳೆ ಒರೆಸಿ, ಹೆಗಲಿನಿಂದ ಬೂಟನ್ನು ಅದಕ್ಕೆ ದಾಟಿಸಿ, ಮತ್ತೆ ಕೂತಿತು ಎಂದೆ.

ಷರತ್ತಿನ ಪ್ರಕಾರ ಇನ್ನೊಂದು ‘ನಿಲ್ಲು’ ಮಾತ್ರ ನನ್ನ ಕೈಯಲ್ಲಿತ್ತು. ಅದನ್ನು ಬಳಸಲು ಕಾರಣ ಹುಡುಕಿದ್ದರೆ ಹೆಜ್ಜೆಗೊಂದು ಸಿಗುತ್ತಿತ್ತು. ನಾನು ಹುಡುಕಲಿಲ್ಲ. ಪ್ರತಿ ಬಳೆಯನ್ನೂ ಒರೆಸಿದೆ, ಪ್ರತಿ ಹೆಜ್ಜೆಗೂ ಸಂದಿಯಲ್ಲಿ ಬೆರಳಿಟ್ಟು ನೋಡಿದೆ. ಈ ಸಲ ಜೊತೆಯಲ್ಲಿ ನೇತಾಡುವ ಬಲಗಾಲಿನ ಕಡೆಗೂ ನೋಡಿದೆ. ಅದು ಬಂಡೆಗೆ ತಗುಲುವ ಹಾಗಿದ್ದರೆ ನನ್ನ ತಲೆಯಿಂದಲೇ ಪಕ್ಕಕ್ಕೆ ಸರಿಸಿದೆ. ಹೊತ್ತು ಎಷ್ಟಾಯಿತೋ ತಿಳಿಯದು. ಒಮ್ಮೆ ಅವರ ಕೈ ಜಾರಿ ಮೈ ಬಂಡೆಗೆ ಬಡಿಯಿತು, ನನ್ನ ಮೇಲೆ ಸಣ್ಣ ಕಲ್ಲುಗಳು ಸುರಿದವು. ಕಲ್ಲು ಬೀಳುವುದು ನಿಂತ ಮೇಲೆ ನಾನು ಇಳಿಸಿ ಎಂದೆ.

ಕೊನೆಗೆ ನನ್ನ ಕಾಲಿಗೆ ಜಲ್ಲಿ ಸಿಕ್ಕಿತು. ಕೆಳಗೆ ನೋಡಿದೆ. ನೆಲ. ಮಂಜಿನಲ್ಲಿ ನಮ್ಮ ಕಾರಿನ ಬಣ್ಣ ಮಸುಕಾಗಿ ಕಾಣುತ್ತಿತ್ತು. ನಾನು ಪಕ್ಕಕ್ಕೆ ಸರಿದು ಬಂಡೆಗೆ ಒರಗಿ ನಿಂತೆ.

“ಇಳಿಸಿ.”

ಬೂಟು ಕಡೆಯ ಬಳೆಯನ್ನು ಬಿಟ್ಟು ಕೆಳಗೆ ಬಂತು, ಮಣ್ಣಿನ ಮೇಲೆ ಪೂರ್ತಿ ಪಾದ ಮಟ್ಟಸವಾಗಿ ಕೂತಿತು. ನಾನು ಹಿಡಿಯಬೇಕಾದದ್ದೇ ಇರಲಿಲ್ಲ. ಅವರು ಭಾರ ಬಿಡಲಿಲ್ಲ. ಬಲಗಾಲು ಮಡಚಿ, ಎರಡು ಕೈಯಲ್ಲಿ ತಲೆಯ ಮೇಲಿನ ಬಳೆ ಹಿಡಿದು, ಮುಖವನ್ನು ಕಲ್ಲಿಗೆ ಒತ್ತಿ ಹಾಗೆಯೇ ನೇತಾಡುತ್ತಿದ್ದರು. ಕೈ ಬಿಟ್ಟರೆ ನೆಲದ ಮೇಲೆ ನಿಂತಿರುತ್ತಾರೆ. ಅದು ಅವರಿಗೆ ಗೊತ್ತಿರಲಿಲ್ಲ. ಪಾದಕ್ಕೆ ಏನೋ ತಗುಲಿದೆ, ಅಷ್ಟೇ. ಅವರ ಮಟ್ಟಿಗೆ ಕೆಳಗೆ ಇನ್ನೂ ಪಾತಾಳವಿತ್ತು.

ನಾನು ಬಾಯಿ ತೆರೆದೆ, ಮಾತು ಬರಲಿಲ್ಲ. ಅಳು ಕಾರಣವೆಂದು ಹೇಳಿದರೆ ಅರ್ಧ ನಿಜ. ಆ ಒಂದು ಮಾತು ಹೇಳಿದರೆ ಅವರು ಗೆದ್ದ ಹಾಗೆ. ನಾಳೆಯಲ್ಲದಿದ್ದರೆ ಮೊಣಕಾಲು ವಾಸಿಯಾದ ಮೇಲೆ, ಬೆಳಿಗ್ಗೆ ಡಬ್ಬಿ ಕಟ್ಟಿಸಿಕೊಂಡು ಆ ಏಣಿ ಹತ್ತುತ್ತಾರೆ. ನಾನು ಕಾರ್ಯಾಗಾರದಲ್ಲಿ ಫೋನ್ ಸದ್ದಾದಾಗಲೆಲ್ಲ ಬೆಚ್ಚುತ್ತೇನೆ, ಇನ್ನು ಜೀವನಪೂರ್ತಿ. ಅವರ ಮುಂಗೈಯ ನರಗಳು ಹುರಿಯಂತೆ ಎದ್ದಿದ್ದವು, ಬೆರಳುಗಳು ಬಿಳಿಚಿದ್ದವು. ಆದರೂ ಕೇಳಲಿಲ್ಲ. ಏನಾಯಿತು ಎನ್ನಲಿಲ್ಲ, ಬೇಗ ಹೇಳು ಎನ್ನಲಿಲ್ಲ. ನಾನು ಹೇಳುವವರೆಗೆ ಹಿಡಿದಿರುತ್ತಾರೆ, ಅಷ್ಟೇ. ಇಷ್ಟೊಂದು ನನ್ನನ್ನು ನಂಬಿದವರು ಇನ್ನೊಬ್ಬರು ನನಗಿಲ್ಲ.

“ನೆಲ,” ಎಂದೆ.

ಅವರು ಕೈ ಬಿಟ್ಟು ನಾನು ಮಾಡಿದ ಎಡಗಾಲಿನ ಮೇಲೆ ನಿಂತರು. ನಾನು ಹೋಗಿ ಬಲಗಡೆಗೆ ಹೆಗಲು ಕೊಟ್ಟೆ.